ಲೀಡ್ಸಿನ ಬೀನ್ಸಿಗೆ ಬಳ್ಳಾರಿಯ ನೆರಳು

ಬಳ್ಳಾರಿ

ವಿಲಾಯತಿಗೆ ಹೋಗಿಬಂದವರು ಸಾಮಾನ್ಯವಾಗಿ ರಾಜರ ಅರಮನೆ, ಥೇಮ್ಸ್ ನದಿ, ದೊಡ್ಡ ಗಡಿಯಾರ ಇವುಗಳ ಬಗ್ಗೆ ಬರೆಯುತ್ತಾರೆ. ನಾನೂ ಒಂದು ವರ್ಷ ಅಲ್ಲಿದ್ದೆ. ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಮುಂದೆ ಕುಳಿತಿದ್ದ ಹೆಂಗಸಿನ ಟೋಪಿ ಅಡ್ಡ ಬಂದು ಅರ್ಧವೇ ಕಂಡಿತು. ನಾನು ಕಣ್ತುಂಬ ನೋಡಿದ್ದು ಲೀಡ್ಸ್ ಎಂಬ ಹೊಗೆ ಹಿಡಿದ ಊರಿನಲ್ಲಿ ಒಂದು ಹಿತ್ತಲನ್ನು, ಮತ್ತು ಆ ಹಿತ್ತಲಲ್ಲಿ ಅಡಿಗೆಮನೆಯ ಗೋಡೆಯ ಬುಡಕ್ಕೆ ನೆಟ್ಟಿದ್ದ ಬೀನ್ಸ್ ಸಸಿಗಳನ್ನು. ಆದ್ದರಿಂದ ಅದನ್ನೇ ಬರೆಯುತ್ತೇನೆ. ಅರಮನೆ ಬೇಕಾದವರು ಬೇರೆಯವರ ಪುಸ್ತಕ ಓದಬಹುದು.

ನಮ್ಮವರು ಬ್ರೂಸ್‌ಪೇಟೆಯಲ್ಲಿ ಕಣ್ಣಿನ ಡಾಕ್ಟರು. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿ, ಬಿಳಿಯರೆಲ್ಲ ಇಲ್ಲಿಂದ ಗಂಟುಮೂಟೆ ಕಟ್ಟಿದ ಮೇಲೆ, ಇವರಿಗೆ ಅವರ ಊರಿಗೆ ಹೋಗಿ ಇನ್ನೊಂದು ಪರೀಕ್ಷೆ ಪಾಸು ಮಾಡುವ ಹುಕಿ ಹತ್ತಿತು. ಪಾಸಾದರೆ ಬೋರ್ಡಿನ ಮೇಲೆ ಹೆಸರಿನ ಮುಂದೆ ಇನ್ನಷ್ಟು ಅಕ್ಷರಗಳು ಸೇರುತ್ತವಂತೆ.

"ನಿಮ್ಮ ಹತ್ರ ಬರೋ ಮಂದಿಗೆ ಬೋರ್ಡ್ ಓದೋ ಅಷ್ಟು ಕಣ್ಣು ಕಂಡಿದ್ರ ಅವರು ಬರ್ತಿದ್ರ್ಯಾಕ?" ಎಂದು ಕೇಳಿದೆ.

ಉತ್ತರ ಬರಲಿಲ್ಲ, ಹಡಗಿನ ಟಿಕೇಟು ಬಂತು. ಒಂದಲ್ಲ, ಎರಡು. ಎರಡನೆಯದು ನಮ್ಮ ಅತ್ತೆಯವರ ಕೃಪೆ. "ಒಬ್ಬನ್ನ ಕಳಸಾಕ ಬರಂಗಿಲ್ಲ. ಅಲ್ಲಿ ಏನು ತಿಂತಾನೋ, ಯಾರ ಕೈಯಾಗಿಂದು ತಿಂತಾನೋ. ಗೌರಿನ್ನ ಕರ್ಕೊಂಡು ಹೋಗ್ಲಿ," ಎಂದು ಅವರು ತೀರ್ಪು ಕೊಟ್ಟಿದ್ದರು. ಹೀಗೆ ನಾನು ವಿಲಾಯತಿಗೆ ಹೋದದ್ದು ಜ್ಞಾನಾರ್ಜನೆಗಲ್ಲ, ರೊಟ್ಟಿ ಬಡಿಯಲಿಕ್ಕೆ.

ಬ್ರೂಸ್‌ಪೇಟೆಯ ಅರ್ಧ ಜನ ನಮಗೆ ಚಳಿಯ ವಿಷಯದಲ್ಲಿ ಬುದ್ಧಿ ಹೇಳಲು ಬಂದರು. ಅವರಲ್ಲಿ ಒಬ್ಬರೂ ಚಳಿಯನ್ನು ಕಂಡವರಲ್ಲ. ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಚಳಿಯೆಂದರೆ ಸಂಕ್ರಾಂತಿಯ ಆಸುಪಾಸು ಗಂಡಸರು ಕಿವಿಗೆ ಟವೆಲ್ಲು ಸುತ್ತಿಕೊಂಡು ತಿರುಗುವುದು, ಅಷ್ಟೆ. ನಮ್ಮ ಮನೆಯ ಕೆಳಗಿದ್ದ ಬಟ್ಟೆ ಅಂಗಡಿಯ ಶೆಟ್ಟರು ಮಾತ್ರ ಬಹಳ ತಿಳಿದವರಂತೆ, "ಅಕ್ಕಡ ಚಲಿ ಎಕ್ಕುವ ಅಮ್ಮಾ," ಎಂದು ಅಲ್ಲಿಯ ಅತಿ ಚಳಿಯ ಬಗ್ಗೆ ತೆಲುಗಿನಲ್ಲೇ ಕಳವಳಪಟ್ಟು, ಐದು ವರ್ಷದಿಂದ ಮಾರಾಟವಾಗದೆ ಬಿದ್ದಿದ್ದ ಉಣ್ಣೆ ರಗ್ಗುಗಳನ್ನೆಲ್ಲ ನಮಗೆ ಹೊರಿಸಿದರು.

ಸಿರುಗುಪ್ಪ

ಹೊರಡುವ ಮೊದಲು ಸಿರುಗುಪ್ಪಕ್ಕೆ ಹೋಗಿ ಅಕ್ಕನಿಗೆ ಹೇಳಿ ಬರಬೇಕಾಯಿತು. ಅಕ್ಕನ ಗದ್ದೆಗಳ ಆಚೆ ಹೊಳೆ, ಹೊಳೆಯ ಆಚೆ ಮೊನ್ನೆ ಮೊನ್ನೆಯವರೆಗೂ ನಿಜಾಮರ ಸೀಮೆ. ಹರಗೋಲಿನಲ್ಲಿ ಕುಳಿತು ಒಮ್ಮೆ ಆ ದಡಕ್ಕೆ ಹೋಗಿಬಂದಿದ್ದ ಅಕ್ಕ, ತಾನೂ ಪರರಾಜ್ಯ ಕಂಡವಳು ಎಂಬ ಅಧಿಕಾರದಿಂದಲೇ ಮಾತಾಡಿದಳು.

"ಲೇ ಗೌರಿ, ಒಂದು ಮಾತು ನೆಪ್ಪಿಟ್ಕೊ. ಪರದೇಶದಾಗ ಯಾರು ಏನು ಹೇಳಿದ್ರೂ ತಿಳೀಲಿಲ್ಲ ಅನ್ನಬ್ಯಾಡ. ತಿಳೀಲಿಲ್ಲ ಅಂದಾಕಿನ್ನ ಮೂಲಿಗೆ ಕುಂದ್ರಸ್ತಾರ. ಹೂಂ ಅನ್ನು, ಆಮ್ಯಾಲ ನಿನಗ ತಿಳಿದಂಗ ಮಾಡು."

ಈ ಬುದ್ಧಿಮಾತಿನ ಜೊತೆಗೆ ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿ, ಒಂದು ಗಂಟು ಕಟಕ ರೊಟ್ಟಿ ಕೊಟ್ಟಳು. ರೊಟ್ಟಿಯ ಗಂಟು ಇಂಗ್ಲೆಂಡಿನ ಬಂದರಿನಲ್ಲಿ ಸುಂಕದವನ ಕೈಗೆ ಸಿಕ್ಕಿತು. ಅವನು ಒಂದನ್ನು ತೆಗೆದು ಮೇಜಿಗೆ ಬಡಿದು ಸದ್ದು ಕೇಳಿದ. ಇದೇನು, ಮನೆಯ ಮಾಡಿಗೆ ಹೊದಿಸುವ ಹಂಚೇ ಎಂದ. ತಿನ್ನುವುದು ಎಂದು ನಮ್ಮವರು ಹೇಳಿದಾಗ ನಮ್ಮನ್ನು ನೋಡಿದ ನೋಟದಲ್ಲಿ ಸ್ವಲ್ಪ ಮರುಕವೂ ಇತ್ತು. ಅಕ್ಕನ ಬುದ್ಧಿಮಾತಿಗೆ ಮಾತ್ರ ಸುಂಕ ಬೀಳಲಿಲ್ಲ. ಬಿದ್ದು ಅಲ್ಲೇ ಮುಟ್ಟುಗೋಲಾಗಿದ್ದರೆ ಚೆನ್ನಾಗಿತ್ತು.

ಕುರುಗೋಡು

ಕುರುಗೋಡು ನನ್ನ ತವರು. ಅಪ್ಪನದು ಅಂಜೂರದ ತೋಟ, ಜೊತೆಗೆ ಬದನೆ, ಮೆಣಸಿನಕಾಯಿ. ನಾನು ಹೋದಾಗ ಮಡಿಯಿಂದ ಕಿತ್ತು ನೆಟ್ಟ ಎಳೆಯ ಸಸಿಗಳಿಗೆ ಬೇವಿನ ಸೊಪ್ಪು ಮುಚ್ಚಿತ್ತು. ನಮ್ಮಲ್ಲಿ ಅದು ಸಾಲಿ ಕಲಿಯುವುದಕ್ಕೆ ಮೊದಲೇ ಕಲಿಯುವ ಪಾಠ: ಹೊತ್ತೇರುವ ಮೊದಲು ಸಸಿಗೆ ಸೊಪ್ಪು ಹೊದಿಸಬೇಕು, ಹೊತ್ತು ಇಳಿದ ಮೇಲೆ ತೆಗೆದು ತಣ್ಣೀರು ಚಿಮುಕಿಸಬೇಕು. ಹಗಲೆಲ್ಲ ಬೆಂದ ಜೀವ ಇರುಳಾದರೂ ತಂಪು ಕುಡಿಯಲಿ ಎಂದು.

"ಮುಗಿಲಾಗ ಒಂದು ಚೂರು ಮೋಡ ಇಲ್ಲ, ಗಾಳಿ ಮೊದ್ಲ ಇಲ್ಲ. ಇಂಥ ದಿನಾನ ಸಸಿ ಕೊಲ್ಲೋದು," ಎಂದರು ಅಪ್ಪ, ಆಕಾಶ ನೋಡುತ್ತ. ಆಮೇಲೆ, "ಅಲ್ಲಿ ಮಂದಿ ಸಸಿಗೆ ಏನು ಮುಚ್ತಾರೋ ನೋಡ್ಕೊಂಡ್ ಬಾ," ಎಂದರು. ಮಗಳು ಏಳು ಸಮುದ್ರ ದಾಟಿ ಹೋಗುವಾಗ ತಂದೆ ಹೇಳಿದ ಮಾತು ಇದೊಂದೇ. ಹೇಳಿ, ಕಣ್ಣೊರೆಸಿಕೊಳ್ಳಲು ಅಂಜೂರದ ಗಿಡದ ಮರೆಗೆ ಹೋದರು.

ಲೀಡ್ಸ್

ಗುಂತಕಲ್ಲಿನಿಂದ ಮುಂಬಯಿ, ಮುಂಬಯಿಯಿಂದ ಹಡಗು. ಹಡಗಿನ ಬಗ್ಗೆ ನಾನು ಏನೂ ಬರೆಯಲಾರೆ, ಏಕೆಂದರೆ ಏಡನ್ ಬರುವತನಕ ವಾಂತಿಗೆಂದು ಹಿಡಿದ ಒಂದು ಡಬರಿಯ ತಳವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಲೀಡ್ಸ್ ತಲುಪಿದಾಗ ಹೊರಗೆ ಮಬ್ಬು, ಮಳೆ. ಮನೆ ಹುಡುಕಲು ಹೊರಟೆವು. ಕಿಟಕಿಯಲ್ಲಿ 'ಕೋಣೆ ಬಾಡಿಗೆಗಿದೆ' ಎಂಬ ಚೀಟಿ ಇರುತ್ತಿತ್ತು. ಬಾಗಿಲು ತೆರೆದು ನಮ್ಮ ಮುಖ ನೋಡಿದೊಡನೆ ಕೋಣೆ ಈಗತಾನೆ ಹೋಯಿತು ಎನ್ನುತ್ತಿದ್ದರು. ಚೀಟಿ ಮಾತ್ರ ಕಿಟಕಿಯಲ್ಲೇ ಇರುತ್ತಿತ್ತು. ಕೆಲವರು ಬಹಳ ಪ್ರಾಮಾಣಿಕರು. ಕಪ್ಪು ಜನರಿಗೆ ಇಲ್ಲ ಎಂದು ಚೀಟಿಯಲ್ಲೇ ಬರೆದು ನಮಗೆ ಮೆಟ್ಟಿಲು ಹತ್ತುವ ಶ್ರಮ ತಪ್ಪಿಸಿದ್ದರು. ಬಳ್ಳಾರಿಯಲ್ಲಿ ನಮ್ಮ ಜನ ಬಾಡಿಗೆಗೆ ಬಂದವರ ಜಾತಿ ಕೇಳುತ್ತಾರೆ. ಕೇಳುವುದು ಎಂಥ ಅವಮಾನ ಎಂದು ನನಗೆ ಕೇಳಿಸಿಕೊಳ್ಳುವ ಸರದಿ ಬಂದಾಗಲೇ ಗೊತ್ತಾದದ್ದು. ಕಾಲು ಬಾತು, ಶೆಟ್ಟರ ರಗ್ಗು ನೆನೆದು ಭಾರವಾಗಿ, ನಾನು ಬೀದಿಯಲ್ಲಿ ನಿಂತು ಅತ್ತೆ.

ಕೊನೆಗೆ ಬಾಗಿಲು ತೆರೆದವರು ಮಿಸೆಸ್ ಪೋಲಾರ್ಡ್. ಗಂಡ ತೀರಿಕೊಂಡಿದ್ದ, ಗಿಡ್ಡನೆಯ, ಗಟ್ಟಿಮುಟ್ಟಾದ ಹೆಂಗಸು. ಆಗ ಅಲ್ಲಿ ಮಾಂಸಕ್ಕೆ, ಬೆಣ್ಣೆಗೆ, ಸಕ್ಕರೆಗೆ ಎಲ್ಲಕ್ಕೂ ಕೂಪನ್ ಕಾಲ. ಯುದ್ಧ ಗೆದ್ದವರು ಅವರೇ ಹೌದೋ ಅಲ್ಲವೋ ಎಂದು ಅನುಮಾನ ಬರುವಂತಿತ್ತು. ನಾವು ಮಾಂಸ ತಿನ್ನುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎಂದು ತಿಳಿದಾಗ, ನಮ್ಮ ಪಾಲಿನ ಕೂಪನ್ನೂ ತನಗೇ ಸಿಗುತ್ತದಲ್ಲ ಎಂದು ಆಕೆಯ ಮುಖ ಅರಳಿತು. ನಮ್ಮ ಪೂರ್ವಿಕರ ಧರ್ಮನಿಷ್ಠೆ ನಮ್ಮನ್ನು ಕಾಪಾಡಿತು.

ಇಲ್ಲಿ ಒಂದು ಮಾತು ಹೇಳಬೇಕು. ಆ ಊರಿನವರ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ. ಬೆಂಗಳೂರಿನವರಿಗೆ ಸಿರುಗುಪ್ಪದ ಕನ್ನಡ ಹೇಗೋ, ಲಂಡನ್ನಿನವರಿಗೆ ಇವರ ಮಾತು ಹಾಗೆ. ಕಂಡಕಂಡ ಹೆಂಗಸರನ್ನೆಲ್ಲ 'ಲವ್' ಎನ್ನುತ್ತಾರೆ. ಬಸ್ಸಿನ ಕಂಡಕ್ಟರು ನನಗೆ ಹಾಗೆಂದಾಗ ನಮ್ಮವರು ಎರಡು ದಿನ ಗಂಟುಮುಖ ಹಾಕಿಕೊಂಡಿದ್ದರು. ನಾವು 'ಯವ್ವಾ' ಎನ್ನುವುದಿಲ್ಲವೇ, ಅದೇ ಅದು ಎಂದು ಆಮೇಲೆ ತಿಳಿಯಿತು. ಆದ್ದರಿಂದ ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಕೇಳಿದ್ದೇ ಹಾಗೆ.

ಪಕ್ಕದ ಮನೆ

ಪಕ್ಕದ ಮನೆಯಲ್ಲಿ ಬ್ರಿಗ್ಸ್ ಎಂಬ ಮುದುಕರು. ಮೊದಲು ರೈಲ್ವೆಯಲ್ಲಿದ್ದು ನಿವೃತ್ತರಾದವರು, ಒಂಟಿ ಜೀವ. ಅವರ ಹಿತ್ತಲಿಗೂ ನಮ್ಮದಕ್ಕೂ ನಡುವೆ ಎದೆಮಟ್ಟದ ಗೋಡೆ. ನಾನು ಮೊದಲ ಸಲ ಕೆಂಪು ಮೆಣಸಿನಕಾಯಿ, ಇಂಗು ಹಾಕಿ ಒಗ್ಗರಣೆ ಕೊಟ್ಟ ದಿನ ಅವರು ಒಂದು ಬಕೀಟು ನೀರು ಹಿಡಿದುಕೊಂಡು ಬಾಗಿಲಿಗೆ ಓಡಿ ಬಂದರು. ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡಿದ್ದರಂತೆ. ಸಾರು ಎಂದು ತಿಳಿದ ಮೇಲೆ ಸೀನುತ್ತ ವಾಪಸು ಹೋದರು. ಅಂದಿನಿಂದ ನಮ್ಮನ್ನು ಕಂಡರೆ ಅವರಿಗೆ ಆಗದಾಯಿತು. ಬೆಂಕಿಯನ್ನಾದರೂ ಕ್ಷಮಿಸುತ್ತಿದ್ದರೇನೋ.

ಚಳಿಗಾಲ ಕಳೆಯಿತು. ಮೇ ತಿಂಗಳು ಬಂತು. ನಮ್ಮವರ ಪರೀಕ್ಷೆ ಜೂನಿನ ಕೊನೆಗೆ. ಒಂದು ಬೆಳಗ್ಗೆ ಮಿಸೆಸ್ ಪೋಲಾರ್ಡ್ ನನ್ನನ್ನು ಕೂರಿಸಿಕೊಂಡು, ಚಹಾ ಕೊಟ್ಟು, ಮಾತು ತೆಗೆದರು. ಅಲ್ಲಿ ಕೆಟ್ಟ ಸುದ್ದಿಯನ್ನು ಯಾವಾಗಲೂ ಚಹಾದ ಜೊತೆ ಕೊಡುತ್ತಾರೆ.

"ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲವ್ವ. ಆದ್ರ ಬ್ರಿಗ್ಸ್ ದಿನಾ ಬಂದು ವಾಸನಿ ವಾಸನಿ ಅಂತಾನ. ಅವರನ್ನ ಬಿಡಸು ಅಂತಾನ. ಆತನ ಜೋಡಿ ನಾನು ಸಾಯೋತನಕ ಗೋಡಿ ಹಂಚ್ಕೊಂಡು ಬಾಳಬೇಕು. ಈಗ ಮಗಳ ಹೆರಿಗಿಗೆ ಹೊಂಟೀನಿ. ಬಂದ ಮ್ಯಾಲ ನೀವು ಇರೋದೋ ಬಿಡೋದೋ ಹೇಳ್ತೀನಿ."

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಪರೀಕ್ಷೆ ಹತ್ತಿರ ಇರುವಾಗ ಮತ್ತೆ ಆ ಬೀದಿಗಳು, ಆ ಚೀಟಿಗಳು. ಮನೆ ಸಿಗದಿದ್ದರೆ ಇವರ ಓದು ಅಲ್ಲಿಗೇ ಮುಗಿಯಿತು, ಬಂದ ದಾರಿಗೆ ಸುಂಕವಿಲ್ಲ ಎಂದು ಹಡಗು ಹತ್ತಬೇಕು.

ಅದೇ ಉಸಿರಿನಲ್ಲಿ ಆಕೆ ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಅಡಿಗೆಮನೆಯ ಗೋಡೆಯ ಬುಡದಲ್ಲಿ ಬೀನ್ಸ್, ಅದರ ಮುಂದೆ ಟೊಮ್ಯಾಟೊ, ತುದಿಗೆ ಡೇಲಿಯಾ. ಎಲ್ಲ ಗೇಣುದ್ದದ ಎಳೆಯ ಸಸಿಗಳು. ಕೂಪನ್ ಇಲ್ಲದೆ ಸಿಗುವ ಊಟ ಆ ಬೀನ್ಸ್ ಒಂದೇ. ಒಂದು ಬುಟ್ಟಿಯಲ್ಲಿ ಹಳೆಯ ಪರದೆಗಳು, ಆಸರೆಗೆ ಕೋಲುಗಳು.

"ಇವನ್ನ ನಿನ್ನ ಕೈಗೆ ಬಿಟ್ಟೀನಿ. ಮೇ ತಿಂಗಳು ನಂಬೋಹಂಗಿಲ್ಲ. ಮುಗಿಲು ತಿಳಿಯಾಗಿದ್ರ ಪರದಿ ಹೊಚ್ಚು. ಮೋಡ ಇದ್ರ ಬ್ಯಾಡ. ಗಾಳಿ ಬಿಟ್ರ ಚಿಂತಿಲ್ಲ, ಗಾಳಿ ನಿಂತ್ರ ಹುಷಾರಿರು. ತಿಳೀತಿಲ್ಲೋ?"

ತಿಳಿಯದೇನು? ಕುರುಗೋಡಿನಲ್ಲಿ ಅಪ್ಪ ಆಕಾಶ ನೋಡಿ ಹೇಳಿದ್ದನ್ನೇ ಆಕೆ ಅಕ್ಷರಶಃ ಹೇಳುತ್ತಿದ್ದರು. ತಿಳಿ ಮುಗಿಲು, ಗಾಳಿ ಇಲ್ಲದ್ದು, ಎಳೆ ಸಸಿ. ಎಲ್ಲಿಗೆ ಹೋದರೂ ರೈತರ ಬುದ್ಧಿ ಒಂದೇ ಎಂದು ನನಗೆ ಹೆಮ್ಮೆಯೂ ಆಯಿತು. "ಹೂಂ," ಎಂದೆ. ಯಾವ ಹೊತ್ತಿಗೆ ಹೊದಿಸಬೇಕು ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊಡೆ ಹಿಡಿ ಎನ್ನುವಾಗ ತಲೆಯ ಮೇಲೆ ಎಂದು ಯಾರಾದರೂ ಸೇರಿಸುತ್ತಾರೆಯೇ?

ತಿಳಿ ಮುಗಿಲು

ಆಕೆ ರೈಲು ಹತ್ತಿದ ಮರುದಿನವೇ ಮುಗಿಲು ತಿಳಿಯಾಯಿತು. ತಿಂಗಳುಗಟ್ಟಲೆ ಮುಖ ತೋರಿಸದ ಸೂರ್ಯ ಹೊರಗೆ ಬಂದ. ಬೀದಿಯ ಜನರೆಲ್ಲ ಕುರ್ಚಿಗಳನ್ನು ಹೊರಗೆ ಎಳೆದು, ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಕುಳಿತರು. ಇಲ್ಲಿ ಸೂರ್ಯನಮಸ್ಕಾರವೆಂದರೆ ಕುರ್ಚಿಯಲ್ಲಿ ಕುಳಿತು ಕೆಂಪಗಾಗುವುದು. ನಾನು ಮಾತ್ರ ಗಡಬಡಿಸಿ ಎದ್ದು, ಹೊತ್ತೇರುವ ಮೊದಲೇ ಕೋಲು ನೆಟ್ಟು, ಸಸಿಗಳಿಗೆಲ್ಲ ಪರದೆ ಹೊದಿಸಿದೆ. ಬಿಸಿಲು ನಮ್ಮ ಹುಣ್ಣಿಮೆಯ ಬೆಳದಿಂಗಳಿಗಿಂತ ಸ್ವಲ್ಪ ಜಾಸ್ತಿ ಇತ್ತು, ಅಷ್ಟೆ. ಆದರೆ ಇಲ್ಲಿಯ ಗಿಡಗಳೂ ಇಲ್ಲಿಯ ಜನರ ಹಾಗೆ ನಾಜೂಕಿರಬೇಕು ಎಂದುಕೊಂಡೆ.

ಸಂಜೆ ಹೊತ್ತು ಇಳಿಯುವಾಗ ಪರದೆ ತೆಗೆದು, ನಲ್ಲಿಯ ತಣ್ಣೀರು ಚಿಮುಕಿಸಿ, ಇರುಳೆಲ್ಲ ತಂಪು ಕುಡಿಯಲಿ ಎಂದು ತೆರೆದು ಬಿಟ್ಟೆ. ಒಂದು ವಾರ ಹೀಗೆ ನಡೆಯಿತು. ಪರದೆಯ ಕೆಳಗೆ ಸಸಿಗಳು ಸ್ವಲ್ಪ ಬಿಳಿಚಿಕೊಂಡವು. ಬಿಸಿಲು ಇನ್ನೂ ತಾಕುತ್ತಿದೆ ಎಂದು ಒಂದರ ಮೇಲೊಂದು ಎರಡು ಪರದೆ ಹಾಕಿದೆ.

ನಮ್ಮವರನ್ನು ಒಮ್ಮೆ ಕೇಳಿದೆ: "ಅಲ್ರಿ, ಇಲ್ಲಿ ಸಸಿಗೂ ಹಿಂಗ ಬಿಸಲಿಗೆ ಮುಚ್ಚೋದಲ್ರಿ?"

"ಹೂಂ," ಎಂದರು ಪುಸ್ತಕದಿಂದ ತಲೆ ಎತ್ತದೆ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಅವರು ಹೂಂ ಎನ್ನುತ್ತಿದ್ದ ಕಾಲ ಅದು.

ಬ್ರಿಗ್ಸ್ ದಿನವೂ ಗೋಡೆಯ ಆಚೆಯಿಂದ ನೋಡುತ್ತಿದ್ದರು. ಬೆಳಗ್ಗೆ ನಾನು ಪರದೆ ಹೊದಿಸುವುದನ್ನು ನೋಡುತ್ತಿದ್ದರು, ಸಂಜೆ ತೆಗೆಯುವುದನ್ನು ನೋಡುತ್ತಿದ್ದರು. ಆರು ತಿಂಗಳಿಂದ ನನಗೆ ಮುಖ ಕೊಟ್ಟು ಮಾತಾಡದವರು ಈಗ ಟೋಪಿ ಮುಟ್ಟಿ, "ಹವಾ ಚಲೋ ಐತಿ," ಎನ್ನತೊಡಗಿದರು. ಒಮ್ಮೆ ನಕ್ಕರು ಕೂಡ. ನನ್ನ ಕೆಲಸ ನೋಡಿ ಮುದುಕರ ಮನಸ್ಸು ಕರಗಿತು ಎಂದು ನಮ್ಮವರಿಗೆ ಹೇಳಿದೆ. ಅವರ ಹಿತ್ತಲಲ್ಲಿ ಮಾತ್ರ ಹಗಲೆಲ್ಲ ಸಸಿಗಳು ಬಿಸಿಲಿಗೆ ಒಡ್ಡಿಕೊಂಡು ನಿಂತಿರುತ್ತಿದ್ದವು. ಪಾಪ, ವಯಸ್ಸಾಗಿದೆ, ಮುಚ್ಚಲು ಬಗ್ಗುವುದಕ್ಕೆ ಆಗುವುದಿಲ್ಲ ಎಂದು ಮರುಗಿದೆ.

ಬಿಳಿ ಹುಲ್ಲು

ಒಂದು ಬೆಳಗ್ಗೆ ಹಿತ್ತಲ ಬಾಗಿಲು ತೆರೆದರೆ ಹುಲ್ಲೆಲ್ಲ ಬೆಳ್ಳಗಿದೆ. ಯಾರೋ ಸುಣ್ಣ ಚೆಲ್ಲಿದ್ದಾರೆ ಎಂದುಕೊಂಡೆ. ಮುಟ್ಟಿದೆ, ಬೆರಳು ಜುಮ್ಮೆಂದಿತು. ಇಬ್ಬನಿ ಕಲ್ಲಾಗಿತ್ತು. ಅದಕ್ಕೆ ಅವರು ಫ್ರಾಸ್ಟ್ ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಅದಕ್ಕೊಂದು ಹೆಸರಿಲ್ಲ, ಬಳ್ಳಾರಿಯಲ್ಲಿ ಅದಕ್ಕೆ ಏನು ಕೆಲಸ? ಸಸಿಗಳ ಎಲೆಗಳು ಗಾಜಿನ ಹಾಗೆ ಬಿರುಸಾಗಿ, ಒಳಗಿನ ಹಸಿರು ಕಪ್ಪಿಟ್ಟಂತೆ ಕಂಡವು. ಸಸಿ ಹೋದವು, ಮನೆ ಹೋಯಿತು, ಇವರ ಪರೀಕ್ಷೆಯೂ ಹೋಯಿತು ಎಂದು ಅಲ್ಲೇ ಕುಕ್ಕರಿಸಿದೆ.

ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಡಿದ ಎಲೆ ಕಂಡರೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಉಪಾಯ. ಸೂರ್ಯ ಮನೆಗಳ ಮಾಡಿನ ಮೇಲೆ ಇಣುಕುವಷ್ಟರಲ್ಲಿ ನಲ್ಲಿಯ ತಣ್ಣೀರನ್ನು ಎಲೆಗಳ ಮೇಲೆಲ್ಲ ಮೆಲ್ಲಗೆ ಹನಿಸಿ, ಬಿಸಿಲು ತಾಕದಂತೆ ಎರಡು ಪರದೆ, ಅದರ ಮೇಲೆ ನಮ್ಮವರ ಒಂದು ಧೋತರ ಹೊದಿಸಿ ಬಂದೆ. ಆ ಹೊತ್ತಿಗೆ ಬ್ರಿಗ್ಸ್ ತಮ್ಮ ಹಿತ್ತಲಿಗೆ ಬಂದು, ಸಸಿಗಳ ಮೇಲೆ ಹಾಸಿದ್ದ ನ್ಯೂಸ್‌ಪೇಪರುಗಳನ್ನು ಸರಸರ ಕೀಳುತ್ತಿದ್ದರು. ಹಾಳೆಗಳು ಎಲೆಗೆ ಅಂಟಿ ಬಿರುಸಾಗಿದ್ದವು. ಹೊಸ ಬಿಸಿಲು ನೇರ ಅವರ ಸಸಿಗಳ ಮೇಲೆ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಅವರ ಸಸಿಗಳು ಕುದಿಸಿದ ಸೊಪ್ಪಿನ ಹಾಗೆ ಜೋತು ಬಿದ್ದವು. ಬೀದಿಯಲ್ಲಿ ಎಲ್ಲರದೂ ಅದೇ ಗತಿ. ನಾನು ಹೆದರಿ ಹೆದರಿ ಪರದೆ ಎತ್ತಿ ನೋಡಿದೆ. ನಾಲ್ಕಾರು ತುದಿ ಕಪ್ಪಾಗಿತ್ತು, ಡೇಲಿಯಾ ಅರ್ಧ ಹೋಗಿತ್ತು. ಬೀನ್ಸ್ ಮಾತ್ರ ತಲೆ ಎತ್ತಿ ನಿಂತಿತ್ತು.

ಬ್ರಿಗ್ಸ್ ಗೋಡೆಗೆ ಒರಗಿ ಬಹಳ ಹೊತ್ತು ನೋಡಿದರು. ಕೊನೆಗೆ, "ಇದು ಯಾವ ಪದ್ಧತಿ?" ಎಂದರು.

"ನಮ್ಮೂರ ಪದ್ಧತಿ," ಎಂದೆ. ಸುಳ್ಳೇನಲ್ಲ.

ರಾತ್ರಿ ಊಟದ ಹೊತ್ತಿಗೆ ನಮ್ಮವರು ಪೇಪರು ಓದುತ್ತ, "ಮುಗಿಲು ತಿಳಿಯಾಗಿದ್ರ ನೆಲದ ಕಾವು ಇರುಳಿನ್ಯಾಗ ಮ್ಯಾಲ ಹೋಗಿಬಿಡತೈತಂತ. ಅದಕ್ಕ ತೋಟದವರು ಸಂಜಿ ಮುಂದ ಸಸಿ ಮುಚ್ಚಬೇಕಂತ ಬರದಾರ," ಎಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಒಂದು ವಾರ ಕಾಯಬೇಕಾದ ಹೊತ್ತಿನಲ್ಲಿ ಬಿಚ್ಚಿ, ಕಾಯಿಸಬೇಕಾದ ಹೊತ್ತಿನಲ್ಲಿ ಮುಚ್ಚಿದ್ದೆ. ಹಾಗಾದರೆ ಉಳಿದದ್ದು ಹೇಗೆ ಎಂದು ಅವರನ್ನೇ ಕೇಳಿದೆ. ವಿಷಯ ಕೇಳಿ ಅವರು ಮೊದಲ ಸಲ ಪೇಪರು ಕೆಳಗಿಟ್ಟು ನಕ್ಕರು. ಹೆಪ್ಪುಗಟ್ಟಿದ ಎಲೆ ಬಿಸಿಲಿಗೆ ಒಮ್ಮೆಲೇ ಕರಗಿದರೆ ಸಾಯುತ್ತದೆ, ನೀರು ಹನಿಸಿ ನೆರಳಲ್ಲಿಟ್ಟರೆ ಮೆಲ್ಲಗೆ ಕರಗಿ ಬದುಕುತ್ತದೆ ಎಂದೂ ಪೇಪರಿನಲ್ಲಿತ್ತು. ಅಡಿಗೆಮನೆಯ ಒಲೆಯಿಂದ ಗೋಡೆಯೂ ಸ್ವಲ್ಪ ಬೆಚ್ಚಗಿತ್ತು. ಅಂತೂ ವಾರವೆಲ್ಲ ತಪ್ಪು ಮಾಡಿ, ಒಂದು ಬೆಳಗ್ಗೆ ಗೊತ್ತಿಲ್ಲದೆ ಸರಿ ಮಾಡಿದ್ದೆ. ಕುರುಡು ಕೋಳಿಗೆ ಕಾಳು ಸಿಕ್ಕ ಹಾಗೆ.

ಗೋಡೆಯ ಎರಡೂ ಕಡೆ

ಆಮೇಲೆ ಎರಡು ದಿನ ಮೋಡ. ಮುಚ್ಚುವ, ಬಿಚ್ಚುವ ಕೆಲಸವೇ ಇರಲಿಲ್ಲ. ಬ್ರಿಗ್ಸ್ ಮಾರ್ಕೆಟ್ಟಿನಿಂದ ಹೊಸ ಸಸಿ ತಂದು ನೆಟ್ಟರು.

ಮೂರನೆಯ ದಿನ ಮೋಡ ಚದುರಿತು, ಮಿಸೆಸ್ ಪೋಲಾರ್ಡ್ ಬಂದರು. ಗೇಟಿನಲ್ಲೇ ಬ್ರಿಗ್ಸ್ ಅವರನ್ನು ಹಿಡಿದುಕೊಂಡು ಏನೇನೋ ಹೇಳಿದರು. ಆಕೆ ಒಳಗೆ ಬಂದು, ಟೋಪಿ ತೆಗೆಯುವ ಮೊದಲೇ, "ಹೆಣ್ಣು ಕೂಸು ಹುಟ್ಟೈತಿ," ಎಂದರು. 

"ಇನ್ನ ನೀನು ಬ್ರಿಗ್ಸ್‌ಗೆ ಏನು ಮಾಟ ಮಾಡೀಯವ್ವ? ಇಂಡಿಯಾದವರಿಗೆ ಗಿಡದ ವಿದ್ಯಾ ಗೊತ್ತೈತಿ, ಅವರನ್ನ ಬಿಡಸಬ್ಯಾಡ ಅಂತಾನ. ಮೂವತ್ತು ವರ್ಷದಾಗ ಆತ ಯಾರನ್ನೂ ಹೊಗಳಿದ್ದು ನಾ ಕೇಳಿಲ್ಲ. ಪರೀಕ್ಷಿ ಮುಗಿಯೋತನಕ ಇರ್ರಿ."

ನನಗೆ ಸಂತೋಷವಾಯಿತು, ಅಷ್ಟೇ ನಾಚಿಕೆಯೂ ಆಯಿತು. ನಿಜ ಹೇಳಲು ಬಾಯಿ ತೆರೆದೆ. ಆಕೆ ಮೊಮ್ಮಗಳ ಮೂಗಿನ ವರ್ಣನೆ ಶುರುಮಾಡಿದರು. ಮುಚ್ಚಿಕೊಂಡೆ.

ಆ ಸಂಜೆ ಮುಗಿಲು ಗಾಜಿನಂತೆ ತಿಳಿಯಾಗಿತ್ತು, ಎಲೆ ಅಲ್ಲಾಡುವಷ್ಟು ಗಾಳಿಯೂ ಇರಲಿಲ್ಲ. ಈ ಸಲ ಸರಿಯಾದ ಹೊತ್ತಿಗೆ ಪರದೆ ಹಿಡಿದು ಹೊರಗೆ ಹೋದೆ. ಗೋಡೆಯ ಆಚೆ ನೋಡಿದೆ. ಬ್ರಿಗ್ಸ್ ಹಗಲೆಲ್ಲ ಹೊದಿಸಿದ್ದ ರೈಲ್ವೆ ಕಂಬಳಿಗಳನ್ನು ಒಂದೊಂದಾಗಿ ತೆಗೆದು ಮಡಿಸಿ, ಹೊಸ ಸಸಿಗಳಿಗೆ ತಣ್ಣೀರು ಚಿಮುಕಿಸಿ, ತೆರೆದು ಬಿಟ್ಟು ಒಳಗೆ ಹೊರಟಿದ್ದರು. ನನ್ನನ್ನು ಕಂಡು ಟೋಪಿ ಮುಟ್ಟಿದರು. ಗುರುವಿಗೆ ತೋರಿಸುವ ಮರ್ಯಾದೆ ಅದು.

ನಾನು ಓಡಿ ಒಳಗೆ ಬಂದೆ. "ಏನ್ರಿ, ಮುದುಕರು ನನ್ನಂಗ ಮಾಡಾಕ ಹತ್ಯಾರ. ಬೆಳಗಾಗೋದ್ರಾಗ ಎಲ್ಲಾ ಸಾಯ್ತಾವ. ಹೇಳಿ ಬರ್ಲ್ಯಾ?"

ನಮ್ಮವರು ಈ ಸಲ ಹೂಂ ಎನ್ನಲಿಲ್ಲ. ಪೆನ್ನು ಕೆಳಗಿಟ್ಟರು. "ಹೇಳಿದ್ರ ಆತನ ನಂಬಿಕಿ ಹೋಗತೈತಿ. ನಾಳೆನ ಹೋಗಿ ಪೋಲಾರ್ಡ್‌ಗೆ ಮತ್ತ ವಾಸನಿ ಅಂತಾನ. ಒಂದು ತಿಂಗಳು ಸುಮ್ನಿರು ಗೌರಿ. ಆತನ ಸಸಿ ಆತ ನೋಡ್ಕೋತಾನ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರ ಮುಖದಲ್ಲಿ ಆ ಚೀಟಿಗಳ ನೆನಪಿತ್ತು, ನನ್ನ ಕಾಲಿನಲ್ಲೂ ಇತ್ತು. ನಾನು ಬಾಗಿಲಲ್ಲಿ ನಿಂತೆ. ಸಾಯುವವು ನನ್ನ ಸಸಿಗಳಲ್ಲ, ನನ್ನನ್ನು ಬೀದಿಗೆ ಹಾಕಲು ನೋಡಿದವರ ಸಸಿಗಳು. ಹಾಗೆಂದು ಎರಡು ಸಲ ನನಗೆ ನಾನೇ ಹೇಳಿಕೊಂಡೆ. ಆದರೆ ಎಳೆ ಸಸಿ ಯಾರದಾದರೇನು, ಸಾಯಲು ಬಿಟ್ಟು ಒಳಗೆ ಹೋಗುವುದು ಅಪ್ಪನ ಮಗಳಿಗೆ ಆಗಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಗೋಡೆಯ ಬಳಿಗೆ ಹೋಗಿ ಕೂಗಿದೆ. ಬ್ರಿಗ್ಸ್ ಹೊರಗೆ ಬಂದರು.

ನನ್ನ ಇಂಗ್ಲಿಷಿನಲ್ಲಿ ಆದಷ್ಟು ಹೇಳಿದೆ. ನಮ್ಮೂರಲ್ಲಿ ಸಸಿ ಕೊಲ್ಲುವುದು ಸೂರ್ಯ, ಚಳಿಯಲ್ಲ. ನಾನು ಹೊದಿಸಿದ್ದು ಬಿಸಿಲಿಗೆ. ಫ್ರಾಸ್ಟ್ ಎಂಬುದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ನನ್ನ ಸಸಿ ಉಳಿದದ್ದು ವಿದ್ಯೆಯಿಂದಲ್ಲ, ಆಕಸ್ಮಿಕವಾಗಿ. "ಈಗ ಮುಚ್ಚರಿ. ನಿಮ್ಮ ಹಳೇ ಪದ್ಧತಿನ ಸರಿ, ಬೆಳಿಗ್ಗೆ ಮಾತ್ರ ಬಿಸಲಿಗೆ ಗಡಬಡಿಸಿ ತಗೀಬ್ಯಾಡ್ರಿ."

ಬ್ರಿಗ್ಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಇನ್ನು ಬೈಗುಳ ಬರುತ್ತದೆ, ಆಮೇಲೆ ಮನೆ ಬಿಡುವ ಮಾತು ಬರುತ್ತದೆ ಎಂದು ನಾನು ಗೋಡೆಯ ಇಟ್ಟಿಗೆ ನೋಡುತ್ತ ನಿಂತೆ.

"ನನಗ ಗೊತ್ತಿತ್ತು," ಎಂದರು.

ನಾನು ತಲೆ ಎತ್ತಿದೆ.

"ಮೊದಲನೇ ದಿನಾನ ಗೊತ್ತಿತ್ತು. ನೀವು ಹಗಲೊತ್ತು ಹೊಚ್ಚಿ ಸಂಜಿಗೆ ತಗೀತಿದ್ರಿ. ಒಂದು ಮಾತು ಹೇಳಿದ್ರ ಮುಗೀತಿತ್ತು. ಸಸಿ ಸತ್ರ ಆಕಿ ನಿಮ್ಮನ್ನ ಬಿಡಸ್ತಾಳ ಅಂತ ಸುಮ್ನಿದ್ದೆ. ಹವಾ ಚಲೋ ಐತಿ ಅಂದೆ." ಟೋಪಿಯ ಅಂಚು ತಿರುಗಿಸುತ್ತ, "ಆಮ್ಯಾಲ ನನ್ನವು ಸತ್ತು ನಿಮ್ಮವು ಉಳಿದ್ವು. ನಾನ ದಡ್ಡ ಅಂದ್ಕೊಂಡೆ," ಎಂದರು.

ನನಗೆ ಕೆಟ್ಟ ಸಿಟ್ಟು ಬಂತು. ಬಳ್ಳಾರಿಯಾಗಿದ್ದರೆ ಇಡೀ ಓಣಿ ಹೊರಗೆ ಬರುವಂತೆ ಬೈಯುತ್ತಿದ್ದೆ. ಅಲ್ಲಿ ನನಗಿದ್ದ ಇಂಗ್ಲಿಷು ಬೈಗುಳಕ್ಕೆ ಸಾಲದು. ಬೆಳಕು ಇಳಿಯುತ್ತಿತ್ತು, ನೆಲ ಆಗಲೇ ಕಾಲಿಗೆ ಕೊರೆಯುತ್ತಿತ್ತು. ನಾನು ಸೀರೆ ಎತ್ತಿ ಕಟ್ಟಿ ಗೋಡೆ ಹತ್ತಿ ಅವರ ಹಿತ್ತಲಿಗೆ ಇಳಿದೆ. ಮಡಿಸಿಟ್ಟಿದ್ದ ಕಂಬಳಿ ಬಿಚ್ಚಿ ಕೊಡವಿದೆ.

"ಆ ತುದಿ ಹಿಡ್ಕೊಳ್ರಿ," ಎಂದೆ.

ಮುದುಕರು ಟೋಪಿಯನ್ನು ನೆಲಕ್ಕೆ ಹಾಕಿ, ಎರಡೂ ಕೈಯಿಂದ ಹಿಡಿದುಕೊಂಡರು.